ಹಳೆಯ ಕಾರಿನ ದೀಪ ಮಂಕಾದಾಗ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)

ಮುಂಬಯಿಯಲ್ಲಿ ಬದುಕಿದವರಿಗೆ ಪ್ರೀಮಿಯರ್ ಪದ್ಮಿನಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕುರ್ಲಾದ ಕಾರ್ಖಾನೆಯಲ್ಲಿ ಫಿಯೆಟ್ 1100 ಎಂದು ಹುಟ್ಟಿ, 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಕಾರು ಅದು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ನಮ್ಮನ್ನೆಲ್ಲ ಹೊತ್ತು ತಿರುಗಿ, 2023ರ ಅಕ್ಟೋಬರ್ ಕೊನೆಗೆ ಟ್ಯಾಕ್ಸಿ ಸ್ಟ್ಯಾಂಡಿನಿಂದ ಮರೆಯಾಯಿತು. ಆದರೆ ಮನೆಮಂದಿಯಂತೆ ಅದನ್ನು ಉಳಿಸಿಕೊಂಡವರು ಇನ್ನೂ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ನನ್ನದು ಅಪ್ಪ 1985ರಲ್ಲಿ ಕೊಂಡ ಗಾಡಿ.

ಕೆಲವು ವರ್ಷಗಳ ಹಿಂದಿನ ಮಾತು. ಎಡಗಡೆಯ ಹೆಡ್‌ಲೈಟು ಮಂಕಾಗಿ ಉರಿಯತೊಡಗಿತು. ಮೆಕ್ಯಾನಿಕ್ ಒಬ್ಬರಲ್ಲಿಗೆ ಒಯ್ದೆ. ಬಲ್ಬು ಬದಲಾಯಿತು, ಬೆಳಕು ಬರಲಿಲ್ಲ. ಬ್ಯಾಟರಿ ಬದಲಾಯಿತು, ಆಗಲೂ ಅಷ್ಟೇ. ಕೊನೆಗೆ ಅವರು ಎರಡೂ ಕಡೆ 45 ವ್ಯಾಟಿನ ಬದಲು 100 ವ್ಯಾಟಿನ ಬಲ್ಬು ಹಾಕಿದರು. ಬೆಳಕೇನೋ ಬಂತು, ಆದರೆ ಫ್ಯೂಸು ಪದೇ ಪದೇ ಹೋಗುತ್ತಿತ್ತು. ಅದರ ಜಾಗಕ್ಕೆ ತಂತಿ ಸುತ್ತಿಕೊಟ್ಟರು. ನಾನೂ ಸುಮ್ಮನೆ ದುಡ್ಡು ಕೊಟ್ಟು ಬಂದೆ.

ಜುಲೈ ತಿಂಗಳ ಒಂದು ರಾತ್ರಿ ಪುಣೆಯಿಂದ ಹಿಂದಿರುಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ. ಖಂಡಾಲಾ ದಾಟಿ ಘಾಟಿ ಇಳಿಯುವಾಗ ಜಡಿಮಳೆ. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಮರುಕ್ಷಣ ಎರಡೂ ದೀಪ ಆರಿತು. ತಿರುವಿನಲ್ಲಿ ಕಣ್ಣೆದುರು ಕತ್ತಲು ಬಿಟ್ಟು ಬೇರೇನೂ ಇಲ್ಲ. ಹೇಗೋ ಬದಿಗೆ ನಿಲ್ಲಿಸಿದೆ. ಹಿಂದಿನಿಂದ ಬಂದ ಲಾರಿಯವರೊಬ್ಬರು ವಿಷಯ ತಿಳಿದು, ನಮ್ಮ ಬೆನ್ನಿಗೇ ತಮ್ಮ ಲಾರಿಯನ್ನು ನಿಧಾನವಾಗಿ ಓಡಿಸುತ್ತಾ, ಅದರ ಬೆಳಕಿನಲ್ಲಿ ನಮ್ಮನ್ನು ಖೋಪೋಲಿಯವರೆಗೆ ಇಳಿಸಿದರು. ಅಮ್ಮ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ನಮ್ಮ ಕಟ್ಟಡದಲ್ಲಿ ಕರಾವಳಿ ಕಡೆಯ ಹಿರಿಯರೊಬ್ಬರಿದ್ದಾರೆ. ಮೂವತ್ತು ವರ್ಷ ಪದ್ಮಿನಿ ಟ್ಯಾಕ್ಸಿ ಓಡಿಸಿದವರು. ಮರುದಿನ ಬಾನೆಟ್ ಎತ್ತಿ ನೋಡಿ ಅವರು ಹೇಳಿದ್ದು ಇಷ್ಟೇ: "ಮಾರಾಯ್ರೆ, ಕರೆಂಟು ದೀಪಕ್ಕೆ ಹೋಗುವ ದಾರಿಯನ್ನು ಎಲ್ಲರೂ ನೋಡಿದ್ದಾರೆ. ಅದು ಬ್ಯಾಟರಿಗೆ ವಾಪಸು ಬರುವ ದಾರಿಯನ್ನು ಯಾರಾದರೂ ನೋಡಿದ್ದಾರಾ?"

ಮನೆಯ ದೀಪಕ್ಕೆ ಎರಡು ತಂತಿ ಇರುತ್ತವೆ. ಕಾರಿನಲ್ಲಿ ಹೋಗುವುದಕ್ಕೆ ತಂತಿ, ವಾಪಸು ಬರುವುದಕ್ಕೆ ಕಾರಿನ ಬಾಡಿಯ ಕಬ್ಬಿಣವೇ ದಾರಿ. ಇದಕ್ಕೇ ಅರ್ಥಿಂಗ್ ಎನ್ನುವುದು. ಪದ್ಮಿನಿಯಲ್ಲಿ ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರಿರುತ್ತದೆ. ಕೆಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿ ಸೇರಿರುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಬೇಕು. ದೀಪದ ಕಪ್ಪು ತಂತಿಯನ್ನು ಒಂದು ಬೋಲ್ಟಿನ ಕೆಳಗೆ ಬಿಗಿದಿರುತ್ತಾರೆ. ಆ ಬೋಲ್ಟಿನಡಿ ತುಕ್ಕು ಹಿಡಿದರೆ, ಅಥವಾ ಪೇಂಟಿನ ಮೇಲೆಯೇ ಬಿಗಿದಿದ್ದರೆ, ಕರೆಂಟಿಗೆ ದಾರಿ ಇಕ್ಕಟ್ಟಾಗುತ್ತದೆ. ಕಡಲ ಗಾಳಿ, ನಾಲ್ಕು ತಿಂಗಳ ಮಳೆ ಇರುವ ಊರಿನಲ್ಲಿ ತುಕ್ಕಿಗೇನು ಬರ?

ಆ ಹಿರಿಯರು ದೀಪ ಹಚ್ಚಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಹೋಲ್ಡರಿನ ಕಪ್ಪು ತಂತಿಗೂ ಮುಟ್ಟಿಸಿದರು. ಸೊನ್ನೆಯ ಹತ್ತಿರ ಇರಬೇಕಾದಲ್ಲಿ 2 ವೋಲ್ಟು ತೋರಿಸಿತು. ಬ್ಯಾಟರಿ ಕೊಟ್ಟ 12 ವೋಲ್ಟಿನಲ್ಲಿ 2 ವೋಲ್ಟು ತುಕ್ಕಿನ ಪಾಲು! ಬಲ್ಬಿಗೆ ವೋಲ್ಟೇಜು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಕುಗ್ಗುತ್ತದೆ. ನನ್ನ ಎಡಗಣ್ಣಿನ ಅರ್ಧ ಬೆಳಕು ಹೋದದ್ದು ಹೀಗೆ. ಒಂದು ಮಾತು ನೆನಪಿರಲಿ: ಈ ಪರೀಕ್ಷೆಯನ್ನು ದೀಪ ಉರಿಯುತ್ತಿರುವಾಗಲೇ ಮಾಡಬೇಕು. ಕರೆಂಟು ಹರಿಯದಿದ್ದರೆ ದೋಷ ಕಾಣುವುದಿಲ್ಲ.

ಮೀಟರು ಇಲ್ಲದಿದ್ದರೂ ಚಿಂತೆಯಿಲ್ಲ. ದಪ್ಪ ತಂತಿಯ ಒಂದು ತುಂಡನ್ನು ಬ್ಯಾಟರಿಯ ನೆಗೆಟಿವ್‌ನಿಂದ ದೀಪದ ಅರ್ಥಿಂಗ್ ತಂತಿಗೆ ನೇರವಾಗಿ ಮುಟ್ಟಿಸಿ. ದೀಪ ಫಳ್ಳನೆ ಬೆಳಗಿದರೆ ಕಳ್ಳ ಸಿಕ್ಕಿದಂತೆ. ಬೋಲ್ಟು ಬಿಚ್ಚಿ, ಕಬ್ಬಿಣ ಹೊಳೆಯುವವರೆಗೆ ಎಮರಿ ಪೇಪರಿನಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ನನಗೆ ತಗುಲಿದ ಖರ್ಚು ಎಮರಿ ಪೇಪರಿನದ್ದು ಮಾತ್ರ.

ಮತ್ತೆ ಘಾಟಿಯಲ್ಲಿ ಎರಡೂ ದೀಪ ಆರಿದ್ದೇಕೆ? 45 ವ್ಯಾಟಿನ ಎರಡು ಬಲ್ಬು ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತವೆ. 100 ವ್ಯಾಟಿನ ಎರಡು ಬಲ್ಬು ಹದಿನಾರಕ್ಕೂ ಹೆಚ್ಚು. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದಂತೆ ಏರುವುದರಿಂದ ಅದು ಹೆಚ್ಚುಕಡಿಮೆ ಐದು ಪಟ್ಟಾಯಿತು. ಹಳೆಯ ಸ್ವಿಚ್ಚು ಕರಗಿತು. ತಡೆಯಬೇಕಾದ ಫ್ಯೂಸಿನ ಜಾಗದಲ್ಲಿ ತಂತಿ ಕೂತಿತ್ತು. ಅಂದು ಬೆಂಕಿ ಹತ್ತದೆ ಉಳಿದದ್ದು ಅದೃಷ್ಟ ಮಾತ್ರ. ಫ್ಯೂಸು ಹೋದರೆ ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು. ಸಿಗರೇಟು ಪ್ಯಾಕಿನ ಬೇಗಡೆಯಾಗಲಿ ತಂತಿಯಾಗಲಿ ಬೇಡ. ಹೆಚ್ಚು ಬೆಳಕು ಬೇಕೆಂದರೆ ಬಲ್ಬಿನ ವ್ಯಾಟು ಏರಿಸುವುದಲ್ಲ, ರಿಲೇ ಹಾಕಿಸಿ. ಆಗ ದೀಪದ ಕರೆಂಟು ಬ್ಯಾಟರಿಯಿಂದ ಫ್ಯೂಸು, ರಿಲೇ ಮೂಲಕ ನೇರವಾಗಿ ಹೋಗುತ್ತದೆ. ಹಳೆಯ ಸ್ವಿಚ್ಚು ರಿಲೇಗೆ ಸನ್ನೆ ಮಾಡಿದರೆ ಸಾಕು.

ಇನ್ನು ಕೆಲವು ಲಕ್ಷಣಗಳು. ಒಂದೇ ದೀಪ ಕೆಟ್ಟರೆ ಆ ದೀಪದ ಬಳಿಯೇ ಹುಡುಕಿ: ಬಲ್ಬು, ಕಿಲುಬು ಹಿಡಿದ ಹೋಲ್ಡರು, ಅರ್ಥಿಂಗ್. ಎರಡೂ ಕಡೆ ಡಿಮ್ ಇದ್ದು ಬ್ರೈಟ್ ಇಲ್ಲವೆಂದರೆ ಡಿಪ್ಪರ್ ಸ್ವಿಚ್ಚು ಮತ್ತು ಫ್ಯೂಸು ನೋಡಿ. ಬ್ರೇಕು ತುಳಿದಾಗ ಹಿಂದಿನ ಇಂಡಿಕೇಟರ್ ಮಿಣುಕಿದರೆ ಅಲ್ಲಿಯ ಅರ್ಥಿಂಗ್ ಸಡಿಲಾಗಿದೆ. ಇಂಡಿಕೇಟರಿನ ತಾಳ ತಪ್ಪಿದರೆ ಆ ಬದಿಯ ಒಂದು ಬಲ್ಬು ಹೋಗಿರಬಹುದು. ಬಲ್ಬುಗಳು ಮೇಲಿಂದ ಮೇಲೆ ಸುಡುತ್ತಿದ್ದರೆ, ಇಂಜಿನ್ ಓಡುವಾಗ ಬ್ಯಾಟರಿಯ ವೋಲ್ಟೇಜು ಅಳೆಯಿರಿ. ಅದು ಸುಮಾರು 14 ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ ಎಂದರ್ಥ. ತಂತಿಗಳಿಗೆ ಕೈಹಾಕುವ ಮುನ್ನ ಬ್ಯಾಟರಿಯ ಅರ್ಥಿಂಗ್ ತುದಿ ಬಿಚ್ಚಲು ಮರೆಯಬೇಡಿ.

ಬಂಧುಗಳೇ, ಸಾಮಾನು ಬದಲಿಸುವ ಮೊದಲು ಕಾರಣ ಹುಡುಕಬೇಕು ಎಂಬ ಪಾಠವನ್ನು ನಾನು ಘಾಟಿಯ ಕತ್ತಲಲ್ಲಿ ಕಲಿತೆ. ನೀವು ಹಗಲಿನಲ್ಲೇ, ಮನೆಯಂಗಳದಲ್ಲೇ ಕಲಿಯಿರಿ. ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ ಸಾಕು. ಅಮ್ಮ ಈಗಲೂ ಕಾರು ಹತ್ತುವ ಮೊದಲು ಎದುರು ನಿಂತು, "ಎರಡೂ ದೀಪ ಹಚ್ಚು, ನೋಡೋಣ" ಅನ್ನುತ್ತಾರೆ. ನಾನು ಹಚ್ಚಿ ತೋರಿಸುತ್ತೇನೆ.