ಮೈಸೂರು ವಿಶ್ವವಿದ್ಯಾನಿಲಯದ ಶಾಸನ



1916ಕ್ಕೆ ಮುಂಚೆ ಮೈಸೂರು ಸಂಸ್ಥಾನದ ತರುಣನೊಬ್ಬನು ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೋ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೋ ಪಾಠ ಕೇಳುತ್ತಿದ್ದರೂ, ಅವನ ಪಠ್ಯವನ್ನು ಗೊತ್ತುಮಾಡುವುದೂ, ಅವನನ್ನು ಪರೀಕ್ಷಿಸುವುದೂ, ಕಡೆಗೆ ಅವನಿಗೆ ಪದವಿಯನ್ನು ದಯಪಾಲಿಸುವುದೂ 1857ರ ಕಾಯಿದೆಯಿಂದ ಹುಟ್ಟಿದ ಮದರಾಸು ವಿಶ್ವವಿದ್ಯಾನಿಲಯದ ಅಧಿಕಾರಕ್ಕೆ ಸೇರಿದ್ದಿತು. ಪಾಠ ಹೇಳಿದ ಗುರುವಿಗೇ ಶಿಷ್ಯನ ವ್ಯಾಸಂಗವನ್ನು ಅಳೆಯುವ ಹಕ್ಕು ಇರಲಿಲ್ಲವೆಂಬುದು ಎಂಥ ಕೊರತೆ!

ಈ ಕೊರತೆಯನ್ನು ಮನಗಂಡವರು ನಾಲ್ವಡಿ ಕೃಷ್ಣರಾಜ ಒಡೆಯರು, ಅವರ ದಿವಾನರಾದ ವಿಶ್ವೇಶ್ವರಯ್ಯನವರು. ಹೊರದೇಶಗಳ ವಿದ್ಯಾವ್ಯವಸ್ಥೆಯನ್ನು ಕುರಿತು ಥಾಮಸ್ ಡೆನ್‌ಹ್ಯಾಮ್, ಸಿ. ಆರ್. ರೆಡ್ಡಿ ಇವರು ಒಪ್ಪಿಸಿದ ವರದಿಯ ಬೆಂಬಲವೂ ದೊರೆತು, ಸಂಸ್ಥಾನದ ಶಾಸನಸಭೆಯು ಅಂಗೀಕರಿಸಿದ ರೆಗ್ಯುಲೇಷನ್ನಿನ ಮೂಲಕ 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ, ಇಂಥ ಸಂಸ್ಥೆಯು ತಲೆಯೆತ್ತಿದುದು ಇದೇ ಮೊದಲು. ಮಹಾರಾಜರು ಕುಲಾಧಿಪತಿಗಳಾದರು, ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳಾದರು. 1918ರಲ್ಲಿ ನಡೆದ ಪ್ರಥಮ ಘಟಿಕೋತ್ಸವಕ್ಕೆ ಕಲ್ಕತ್ತೆಯ ಆಶುತೋಷ ಮುಖರ್ಜಿಯವರು ಬಂದು ಭಾಷಣ ಮಾಡಿದರು.

ಶಾಸನದ ಕಲಮುಗಳು ನೋಡುವುದಕ್ಕೆ ಶುಷ್ಕವಾದವು. ಆದರೆ ಪಠ್ಯವನ್ನು ನಿಶ್ಚಯಿಸುವ ಅಧಿಕಾರವು ಈ ನೆಲಕ್ಕೆ ಬಂದುದರಿಂದ ಏನಾಯಿತೆಂಬುದನ್ನು ಒಂದು ತರಗತಿಯ ಬಾಗಿಲಲ್ಲಿ ನಿಂತು ನೋಡಬೇಕು. ಮಹಾರಾಜ ಕಾಲೇಜಿನಲ್ಲಿ ಕನ್ನಡದ ಎಂ. ಎ. ತರಗತಿಯು ತೆರೆಯಿತು, ಮಲೆನಾಡಿನ ಕುಪ್ಪಳಿಯ ಹುಡುಗನೊಬ್ಬನು ಅಲ್ಲಿ ಕುಳಿತು ಕನ್ನಡದ ಕಾವ್ಯವನ್ನೇ ಉಚ್ಚ ವ್ಯಾಸಂಗದ ವಿಷಯವಾಗಿ ಓದಿ, 1929ರಲ್ಲಿ ಪದವೀಧರನಾಗಿ, ಅದೇ ಕಾಲೇಜಿನಲ್ಲಿ ಅಧ್ಯಾಪಕನಾದನು. ಅವರೇ ಕುವೆಂಪು. ಇದೇ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯೆಂಬ ಪ್ರಸಾರವನ್ನು ಆರಂಭಿಸಿದುದನ್ನು, ಬಾನುಲಿಯ ಈ ಧ್ವನಿಗ್ರಾಹಕದ ಮುಂದೆ ಕುಳಿತಿರುವ ನಾನು ಕೃತಜ್ಞತೆಯಿಂದ ನೆನೆಯದಿರಲಾರೆ.

ಆದರೆ ದೊರೆಯ ಔದಾರ್ಯದಿಂದ ಬೆಳೆದ ಸಂಸ್ಥೆಯು ಸರ್ಕಾರದ ಹಿಡಿತದಿಂದ ಬಿಡಿಸಿಕೊಳ್ಳಲು ಮತ್ತೊಂದು ಶಾಸನವು ಬೇಕಾಯಿತು. 1956ರ ಶಾಸನವು ಸ್ವಾಯತ್ತತೆಯನ್ನು ಕೊಟ್ಟಿತು. ಅದೇ ವರ್ಷ ಕುವೆಂಪು ಅವರು ಉಪಕುಲಪತಿಗಳಾದರು. ಹಿಂದೆ ಆ ವಿದ್ಯಾಲಯದ ಬೆಂಚಿನ ಮೇಲೆ ಕುಳಿತಿದ್ದವರೇ ಅದರ ಆಡಳಿತಸೂತ್ರವನ್ನು ಹಿಡಿದು, 1960ರಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಮಾನಸಗಂಗೋತ್ರಿಯೆಂಬ ಆವರಣವನ್ನು ನಿರ್ಮಿಸಿದರು.

ಮೈಸೂರಿನ ತರುವಾಯ ನಾಡಿನ ಬೇರೆ ವಿಶ್ವವಿದ್ಯಾನಿಲಯಗಳೂ ತಲೆಯೆತ್ತಿದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು 1949ರ ಮುಂಬಯಿ ಶಾಸನದಿಂದ ಹುಟ್ಟಿತು. 1964ರಲ್ಲಿ ಬೆಂಗಳೂರಿನದು ಬಂದಿತು. ಇಂದು 2000ದ ಕಾಯಿದೆಯೊಂದೇ ರಾಜ್ಯದ ಹಲವು ವಿಶ್ವವಿದ್ಯಾನಿಲಯಗಳನ್ನು ಆಳುತ್ತದೆ. ಆಡಳಿತದ ಏಕರೂಪತೆಯಿಂದ ಒದಗುವ ಅನುಕೂಲವನ್ನು ನಾನು ಅಲ್ಲಗಳೆಯೆನು. ಆದರೆ ಕನ್ನಡದ ಆ ಎಂ. ಎ. ತರಗತಿಯು ತೆರೆದುದು, ಮೈಸೂರಿಗೆ ತನ್ನದೇ ಆದ ಶಾಸನವಿದ್ದ ಕಾಲದಲ್ಲಿ.