ಬೀದರ್ ನಾಡು: ಒಂದು ಪರಿಚಯ
(ಬಾಗಲೂರಿನ ಸಭೆಯಲ್ಲಿ ಮಾಡಿದ ಭಾಷಣ)



ಬಾಗಲೂರಿನ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರನ್ನು ‘ಯಾವೂರಪ್ಪಾ?’ ಎಂದು ಕೇಳಿದರೆ ಕಲಬುರಗಿ, ಯಾದಗಿರಿ, ಬೀದರ್ ಎನ್ನುವವರುಂಟು. ರಾಜ್ಯದ ಆ ತುತ್ತತುದಿಯನ್ನು ನಾವು ಎಷ್ಟು ಬಲ್ಲೆವು?

1948ರ ಸೆಪ್ಟೆಂಬರ್‌ವರೆಗೆ ಬೀದರ್ ನಿಜಾಮನ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಜಿಲ್ಲೆಯನ್ನೇ ಮೂರು ಪಾಲು ಮಾಡಿದರು: ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಅಲ್ಲಿನ ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಎಲ್ಲವೂ ಕೇಳುತ್ತವೆ.

ಜೋಳ, ತೊಗರಿ, ಕಬ್ಬು ಅಲ್ಲಿನ ಬೆಳೆ. ಮಳೆ ಕೈಕೊಟ್ಟ ವರ್ಷ ಗುಳೆ. ಬಿದರಿ ಕೆಲಸಗಾರ ಸತುವು-ತಾಮ್ರದ ಎರಕದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುತ್ತಾನೆ. ಪೇಟೆಯಲ್ಲಿ ಆ ಹೂದಾನಿ ಮಾರಿದ ಬೆಲೆಯಲ್ಲಿ ಅವನ ಪಾಲೆಷ್ಟೆಂಬುದನ್ನು, ವ್ಯಾಪಾರ ಬಲ್ಲ ನಿಮಗೆ, ನಾವು ಹೇಳಬೇಕಿಲ್ಲ.

ಇನ್ನು ಸರ್ಕಾರ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 114 ಹಿಂದುಳಿದ ತಾಲ್ಲೂಕುಗಳನ್ನು ಎಣಿಸಿತು. ಆಮೇಲೆ ಸಂವಿಧಾನಕ್ಕೆ 371(ಜೆ) ವಿಧಿ ಸೇರಿ, ಓದಿನಲ್ಲೂ ಸರ್ಕಾರಿ ನೌಕರಿಯಲ್ಲೂ ಅಲ್ಲಿಯವರಿಗೆ ಮೀಸಲು ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ‘ಕಲ್ಯಾಣ ಕರ್ನಾಟಕ’ವಾಯಿತು. ಹೆಸರೇನೋ ಬದಲಾಯಿತು, ಬೀದರಿನಿಂದ ಯಶವಂತಪುರಕ್ಕೆ ಬರುವ ರೈಲಿನಿಂದ ಗಂಟುಮೂಟೆ ಇಳಿಯುವುದು ನಿಂತಿಲ್ಲ. ಹಾಗೆ ಇಳಿದವರಿಗೆ ಕಡಿಮೆ ಕೂಲಿ ಕೊಟ್ಟು, ಅದನ್ನೇ ತೋರಿಸಿ ನಮ್ಮ ಕೂಲಿಯನ್ನೂ ಇಳಿಸುವ ಗುತ್ತಿಗೆದಾರರಿದ್ದಾರೆ. ಮುಂದಿನ ಸಭೆಗೆ ಆ ಬೀದರಿನವರನ್ನೂ ಕರೆದುಕೊಂಡು ಬನ್ನಿ.