ಮಗನು ತಂದೆಗಿಂತ ಹಿರಿಯನೇ?

(ರಾಮನಗುಳಿಯಲ್ಲಿ ಮಾಡಿದ ಭಾಷಣದ ಸಾರಾಂಶ)



ಯಹೂದಿಯರೂ ಕ್ರೈಸ್ತರೂ ಪವಿತ್ರವೆಂದು ಓದುವ ಗ್ರಂಥಗಳಲ್ಲಿ ಅಹಜ್ಯನೆಂಬ ಅರಸನ ಉಲ್ಲೇಖವಿದೆ. ಪಟ್ಟಕ್ಕೆ ಬಂದಾಗ ಅವನಿಗೆ 22 ವರ್ಷವೆಂದು ಎರಡನೇ ಅರಸುಗಳು (8:26) ಹೇಳುತ್ತದೆ. ಎರಡನೇ ಪೂರ್ವಕಾಲವೃತ್ತಾಂತದ (22:2) ಹೀಬ್ರೂ ಮೂಲದಲ್ಲಿ 42 ಎಂದಿದೆ. ಅವನ ತಂದೆಯಾದರೋ 32ನೇ ವಯಸ್ಸಿನಲ್ಲಿ ಅರಸನಾಗಿ, 8 ವರ್ಷ ಆಳಿ ತೀರಿಕೊಂಡನು. ಅಂದರೆ 40 ವರ್ಷ! ಹಾಗಾದರೆ ಮಗನು ತಂದೆಗಿಂತ 2 ವರ್ಷ ಹಿರಿಯನೇ?

ಇಷ್ಟು ಕೇಳಿದೊಡನೆ ಕ್ರೈಸ್ತ ಸಹಪಾಠಿಯನ್ನು ಗೇಲಿ ಮಾಡಲು ಹೊರಡಬೇಡಿ. ಇದು ನಕಲುಗಾರನ ಕೈತಪ್ಪೆಂದು ಅನೇಕ ಕ್ರೈಸ್ತ ವಿದ್ವಾಂಸರೇ ಒಪ್ಪಿದ್ದಾರೆ. ಪ್ರಾಚೀನ ಸಿರಿಯಾಕ್ ಅನುವಾದದಲ್ಲಿ 22 ಎಂದೇ ಇದೆ. ಯಹೂದಿ ವ್ಯಾಖ್ಯಾನಕಾರರು ಆ 42ನ್ನು ಒಮ್ರಿಯ ರಾಜಮನೆತನದಿಂದ ಎಣಿಸಿದ ಲೆಕ್ಕವೆಂದು ವಿವರಿಸಿದರು. ನಾವು ಎತ್ತುವ ಪ್ರಶ್ನೆಯನ್ನು ಅವರು ಶತಮಾನಗಳ ಹಿಂದೆಯೇ ಎತ್ತಿದ್ದಾರೆ.

ಗ್ರಂಥದವರೊಡನೆ ಉತ್ತಮ ರೀತಿಯಲ್ಲೇ ಸಂವಾದ ನಡೆಸಬೇಕೆಂದು ಕುರ್‌ಆನ್ (29:46) ನಮಗೆ ಕಲಿಸುತ್ತದೆ. ಆದ್ದರಿಂದ ಯಾರೋ ಹಂಚಿದ ಪಟ್ಟಿಯನ್ನು ನಂಬದೆ, ಎರಡೂ ವಾಕ್ಯಗಳನ್ನು ನೀವೇ ಓದಿರಿ. ಬಳಿಕ, "ಇದನ್ನು ನೀವು ಹೇಗೆ ಅರ್ಥಮಾಡಿಕೊಳ್ಳುತ್ತೀರಿ?" ಎಂದು ವಿನಯದಿಂದ ಕೇಳಿರಿ. ಅಂಕೋಲೆ, ಕಾರವಾರದ ಕಾಲೇಜುಗಳಲ್ಲಿ ಒಂದೇ ಬೆಂಚಿನಲ್ಲಿ ಕೂರುವವರು ನೀವು. ವಾದ ಗೆದ್ದು ಗೆಳೆಯನನ್ನು ಕಳೆದುಕೊಂಡರೆ ಗಳಿಸಿದ್ದೇನು?

ಅಲ್ಲಾಹನು ನಮಗೆ ಜ್ಞಾನವನ್ನೂ ಅದರ ಜೊತೆಗೆ ವಿನಯವನ್ನೂ ಕರುಣಿಸಲಿ. ಆಮೀನ್.